ಸಾಲ ಇದೆ, ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು: ಯಾವುದು ಮೊದಲು, ಯಾವುದು ಆಮೇಲೆ

ಅಮೆರಿಕದಲ್ಲಿ ರಕ್ಷಣಾ ಗುತ್ತಿಗೆಯ ಕಂಪನಿಯೊಂದರ ಆಫರ್ ಬಂತು. ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಸರ್ಕಾರವೇ ಕೊಡುವ ಅನುಮತಿ, ಬೇಕು ಅಂದರು, ನಾಲ್ಕು ದಿನದಲ್ಲಿ ಫಾರ್ಮಿನ ಲಿಂಕೂ ಬಂತು. ಭಾನುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದು ನೆನಪಿನ ಮೇಲೆ ಎಲ್ಲ ತುಂಬಿ, ಸಾಲದ ಪ್ರಶ್ನೆ ಬಂದಾಗ "ಅದೆಲ್ಲ ಹಳೇ ಕಥೆ" ಅಂತ "ಇಲ್ಲ" ಒತ್ತಿ ಕಳಿಸಿಬಿಟ್ಟಿರಿ. ಕೆಲವು ತಿಂಗಳ ಮೇಲೆ ಒಂದು ಪತ್ರ ಬರುತ್ತದೆ. ಅದರಲ್ಲಿ ಸಾಲ ಒಂದು ಆರೋಪ, ಸಾಲ ಹೇಳದೆ ಇದ್ದದ್ದು ಇನ್ನೊಂದು ಆರೋಪ. ಎರಡನೆಯದನ್ನು ತೊಳೆದುಕೊಳ್ಳುವುದೇ ಕಷ್ಟ.

ನಮ್ಮವರಲ್ಲಿ ಹೀಗೆ ಸಿಕ್ಕಿಹಾಕಿಕೊಂಡವರನ್ನು ಕೇಳಿದರೆ ಹೆಚ್ಚಿನವರು ಕೆಟ್ಟ ಸಾಲಗಾರರೇನಲ್ಲ. ಕೆಲಸಗಳ ಕ್ರಮ ತಪ್ಪಿಸಿರುತ್ತಾರೆ ಅಷ್ಟೆ. ಫಾರ್ಮ್ ಮೊದಲು ತುಂಬಿ ಕ್ರೆಡಿಟ್ ರಿಪೋರ್ಟ್ (ನಿಮ್ಮ ಸಾಲಗಳ ಚರಿತ್ರೆಯ ವರದಿ) ಆಮೇಲೆ ನೋಡುತ್ತಾರೆ, ಕಾರ್ಡ್ ಸಾಲ ಮೊದಲು ತೀರಿಸಿ ತೆರಿಗೆ ಬಾಕಿಯನ್ನು ಹಾಗೇ ಬಿಡುತ್ತಾರೆ, ಪತ್ರ ಬಂದ ಮೇಲೆ ಗಾಬರಿಯಾಗಿ ದುಡ್ಡು ಕಟ್ಟಲು ಓಡುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ನಾನು ವಕೀಲನಲ್ಲ. ಏಳನೇ ಹಂತ ತಲುಪಿದ್ದರೆ ನಿಮಗೆ ವಕೀಲರೇ ಬೇಕು.

ಶುರು ಮಾಡುವ ಮೊದಲು

ಕ್ಲಿಯರೆನ್ಸ್ ಸಿಗುವುದು ಅಮೆರಿಕದ ಪೌರರಿಗೆ ಮಾತ್ರ. ಎಚ್-1ಬಿ, ಗ್ರೀನ್ ಕಾರ್ಡ್ ಇದ್ದವರು ಇಲ್ಲಿಗೇ ನಿಲ್ಲಬಹುದು. ಪೌರರಾದರೂ ನೀವಾಗಿಯೇ ಅರ್ಜಿ ಹಾಕಲು ಆಗದು. ಕಂಪನಿ ಅಥವಾ ಸರ್ಕಾರಿ ಇಲಾಖೆ ನಿಮ್ಮ ಹೆಸರು ಕೊಡಬೇಕು.

ನಿಯಮಗಳಿರುವುದು ಸೀಡ್-4 ಎಂದು ಕರೆಯುವ ನಿರ್ದೇಶನದಲ್ಲಿ, ಜಾರಿಗೆ ಬಂದದ್ದು 2017ರ ಜೂನ್ 8ರಂದು. ಅದರಲ್ಲಿ ಎ ಇಂದ ಎಂ ವರೆಗೆ 13 ಮಾರ್ಗಸೂಚಿಗಳಿವೆ. ಹಣಕಾಸಿನದು ಎಫ್. ಎಲ್ಲರೂ ಕೇಳುವ ಪ್ರಶ್ನೆ, "ಎಷ್ಟು ಸಾಲ ಇದ್ದರೆ ಸಿಗಲ್ಲ?" ಅಂತ. ಆ ನಿರ್ದೇಶನದಲ್ಲಿ ಅಂಥ ಮೊತ್ತವೇ ಇಲ್ಲ. ಐದು ಲಕ್ಷ ಡಾಲರಿನ ಮನೆಸಾಲವನ್ನು ತಿಂಗಳು ತಿಂಗಳು ಕಟ್ಟುತ್ತಿದ್ದರೆ ಯಾರೂ ಕೇಳುವುದಿಲ್ಲ. ಎರಡು ಸಾವಿರದ ಆಸ್ಪತ್ರೆ ಬಿಲ್ಲನ್ನು ನಾಲ್ಕು ವರ್ಷ ನೋಡಿಯೂ ನೋಡದಂತೆ ಬಿಟ್ಟಿದ್ದರೆ ಕೇಳುತ್ತಾರೆ. ಅವರ ಯೋಚನೆ ಇಷ್ಟು: ಸಾಲದ ಒತ್ತಡಕ್ಕೆ ಸಿಕ್ಕವನನ್ನು ಹೊರಗಿನವರು ದುಡ್ಡು ತೋರಿಸಿ ಬಾಗಿಸಬಹುದು, ಮತ್ತೆ ತನ್ನದೇ ಲೆಕ್ಕ ನೋಡಿಕೊಳ್ಳದವನು ಗುಟ್ಟಿನ ಕಾಗದವನ್ನು ನೋಡಿಕೊಳ್ಳುತ್ತಾನಾ ಅಂತ.

ಕೈಗೆ ಬೇಕಾದದ್ದು: ಮೂರು ಕ್ರೆಡಿಟ್ ರಿಪೋರ್ಟ್, ಏಳು ವರ್ಷದ ತೆರಿಗೆ ದಾಖಲೆ, ಸಾಲ ತೀರಿಸಿದ ಪತ್ರಗಳು, ಕೆಲಸ ಹೋದದ್ದಕ್ಕೋ ಕಾಯಿಲೆಗೋ ವಿಚ್ಛೇದನಕ್ಕೋ ಸಂಬಂಧಿಸಿದ ಕಾಗದ, ಊರಿನ ಬ್ಯಾಂಕ್ ಮತ್ತು ಜಮೀನಿನ ವಿವರ. ಒಂದು ದಪ್ಪ ಫೈಲ್ ಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ಹಂತ 1: ಮೂರೂ ಕ್ರೆಡಿಟ್ ರಿಪೋರ್ಟ್ ತೆಗೆಯಿರಿ

ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅನ್ನುವ, ಸಾಲದ ದಾಖಲೆ ಇಡುವ ಮೂರೂ ಸಂಸ್ಥೆಗಳ ರಿಪೋರ್ಟೂ ವಾರಕ್ಕೊಮ್ಮೆ ಪುಕ್ಕಟೆ ಸಿಗುತ್ತವೆ. ಮೂರನ್ನೂ ಇಳಿಸಿಕೊಳ್ಳಿ, ಏಕೆಂದರೆ ಒಂದರಲ್ಲಿ ಇರುವ ಸಾಲ ಇನ್ನೊಂದರಲ್ಲಿ ಇರದಿರಬಹುದು. ಫೋನಿನ ಆಪ್ ತೋರಿಸುವ ಸ್ಕೋರ್ ಇಲ್ಲಿ ಕೆಲಸಕ್ಕೆ ಬಾರದು. ಫಾರ್ಮ್ ಸ್ಕೋರ್ ಕೇಳುವುದೇ ಇಲ್ಲ.

ರಿಪೋರ್ಟಿನಲ್ಲಿ ಹುಡುಕಬೇಕಾದದ್ದು ಕಲೆಕ್ಷನ್ (ವಸೂಲಿ ಏಜೆನ್ಸಿಯ ಕೈಗೆ ಹೋದ ಸಾಲ), ಚಾರ್ಜ್-ಆಫ್, ಜಪ್ತಿಯಾದ ಕಾರು, 120 ದಿನ ದಾಟಿದ ಬಾಕಿ. ಚಾರ್ಜ್-ಆಫ್ ಅಂದರೆ ಸಾಲ ಮನ್ನಾ ಆಯಿತು ಅಂತ ಭಾವಿಸಿದವರು ಬಹಳ ಜನ. ಬ್ಯಾಂಕ್ ತನ್ನ ಪುಸ್ತಕದಲ್ಲಿ ಅದನ್ನು ನಷ್ಟ ಎಂದು ಬರೆದುಕೊಂಡಿದೆ, ಅಷ್ಟೆ. ನಿಮ್ಮ ಸಾಲ ನಿಮ್ಮ ತಲೆಯ ಮೇಲೇ ಇದೆ.

ಹಾಗೆಯೇ ಏಳು ವರ್ಷ ಆದ ಮೇಲೆ ರಿಪೋರ್ಟಿನಿಂದ ಬಿದ್ದುಹೋದ ಸಾಲ. ರಿಪೋರ್ಟಿನಲ್ಲಿ ಕಾಣದಿದ್ದರೆ ತೀರಿತು ಅಂತ ಅಲ್ಲ. ನೀವು ಹೇಗೆ ತೀರಿಸಿದಿರಿ ಅಂತ ಕ್ಲಿಯರೆನ್ಸ್ ಬಗ್ಗೆ ತೀರ್ಪು ಕೊಡುವವರು ಆಗಲೂ ಕೇಳಬಹುದು.

ಹಂತ 2: ಪಟ್ಟಿ ಮಾಡಿ, ಊರಿನದನ್ನೂ ಸೇರಿಸಿ

ಒಂದು ಸ್ಪ್ರೆಡ್‌ಶೀಟ್ ಮಾಡಿ. ಯಾರಿಗೆ ಕೊಡಬೇಕು, ಖಾತೆ ಸಂಖ್ಯೆ, ಎಷ್ಟು, ಯಾವ ತಿಂಗಳಿಂದ ಬಾಕಿ, ಯಾಕೆ ಬಾಕಿ ಬಿತ್ತು, ಈಗ ಏನಾಗಿದೆ, ಯಾವ ಕಾಗದ ಇದೆ. ಕೊನೆಯ ಕಲಂ ಖಾಲಿ ಇದ್ದ ಸಾಲುಗಳೇ ನಿಮ್ಮ ಮುಂದಿನ ಕೆಲಸ.

ನಮ್ಮವರು ಇಲ್ಲಿ ಒಂದನ್ನು ಮರೆಯುತ್ತಾರೆ: ಜಾಮೀನು. ಫಾರ್ಮಿನ ಸಾಲದ ಭಾಗ ನೀವು ಒಬ್ಬರೇ ತೆಗೆದ ಸಾಲವನ್ನಷ್ಟೇ ಅಲ್ಲ, ಜೊತೆಗೆ ಸಹಿ ಹಾಕಿದ, ಜಾಮೀನು ನಿಂತ ಸಾಲವನ್ನೂ ಕೇಳುತ್ತದೆ. ಹತ್ತು ವರ್ಷದ ಹಿಂದೆ ಚಿಕ್ಕಪ್ಪನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಮಂಡ್ಯದ ಬ್ಯಾಂಕಿನಲ್ಲಿ ಸಹಿ ಹಾಕಿ ಬಂದಿದ್ದೀರಿ ಅಂತಿಟ್ಟುಕೊಳ್ಳಿ. ಅವನು ಕಂತು ನಿಲ್ಲಿಸಿದ್ದರೆ ಅದೂ ನಿಮ್ಮ ಪಟ್ಟಿಗೆ ಬರುತ್ತದೆ. ಈಗಲೇ ಫೋನ್ ಮಾಡಿ ಕೇಳಿ. "ಏನಿಲ್ಲ ಬಿಡಣ್ಣ, ಕಟ್ತಾ ಇದೀನಿ" ಅಂದರೆ ಅಲ್ಲಿಗೆ ಬಿಡಬೇಡಿ, ಬ್ಯಾಂಕಿನ ಸ್ಟೇಟ್‌ಮೆಂಟ್ ವಾಟ್ಸ್ಆಪ್ ಮಾಡಿಸಿಕೊಳ್ಳಿ.

ಊರಿನ ಉಳಿತಾಯ ಖಾತೆ, ಎಫ್‌ಡಿ, ಸೈಟು, ಪಾಲಿಗೆ ಬಂದ ತೋಟ ಇವು ಸಾಲವಲ್ಲ. ಆದರೂ ಇವನ್ನು ಬೇರೆ ಹಾಳೆಯಲ್ಲಿ ಬರೆದಿಡಿ, ಫಾರ್ಮಿನ ವಿದೇಶಿ ಆಸ್ತಿಯ ಭಾಗಕ್ಕೂ ಮುಂದಿನ ಹಂತಕ್ಕೂ ಬೇಕಾಗುತ್ತವೆ.

ಹಂತ 3: ತೆರಿಗೆ ಮೊದಲು

ಕಾರ್ಡ್ ಕಂಪನಿ ದಿನಕ್ಕೆ ಮೂರು ಸಲ ಫೋನ್ ಮಾಡುತ್ತದೆ, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ತನ್ನಷ್ಟಕ್ಕೆ ಕಾಗದ ಕಳಿಸುತ್ತದೆ. ಹಾಗಾಗಿ ಜನ ಮೊದಲು ಕಾರ್ಡಿಗೆ ಕಟ್ಟುತ್ತಾರೆ. ಉಲ್ಟಾ ಮಾಡಿ. ಸರ್ಕಾರದ ಗುಟ್ಟು ಕಾಯಲು ಕೇಳುತ್ತಿರುವವರು ಅದೇ ಸರ್ಕಾರಕ್ಕೆ ರಿಟರ್ನ್ಸ್ ಕೊಟ್ಟಿಲ್ಲ ಅಂದರೆ ಹೇಗೆ ಕಾಣುತ್ತದೆ ಯೋಚಿಸಿ. ಮಾರ್ಗಸೂಚಿ ಎಫ್‌ನಲ್ಲಿ ತೆರಿಗೆಯ ರಿಟರ್ನ್ಸ್ ಹಾಕದಿರುವುದಕ್ಕೂ ಕಟ್ಟದಿರುವುದಕ್ಕೂ ಪ್ರತ್ಯೇಕ ವಾಕ್ಯವೇ ಇದೆ. ಫೆಡರಲ್ ಮಾತ್ರ ಅಲ್ಲ, ರಾಜ್ಯದ ತೆರಿಗೆಯೂ ಲೆಕ್ಕಕ್ಕೆ ಬರುತ್ತದೆ.

ಐಆರ್‌ಎಸ್‌ನ ಆನ್‌ಲೈನ್ ಖಾತೆಯಿಂದ ಪ್ರತಿ ವರ್ಷದ ಟ್ರಾನ್ಸ್‌ಕ್ರಿಪ್ಟ್ (ನಿಮ್ಮ ತೆರಿಗೆ ದಾಖಲೆಯ ಪ್ರತಿ) ಇಳಿಸಿ. ಯಾವುದಾದರೂ ವರ್ಷ ರಿಟರ್ನ್ಸ್ ಹೋಗಿಲ್ಲದಿದ್ದರೆ ಮೊದಲು ಹಾಕಿ, ಏಕೆಂದರೆ ಬಾಕಿ ರಿಟರ್ನ್ಸ್ ಇಟ್ಟುಕೊಂಡವರಿಗೆ ಕಂತಿನ ಒಪ್ಪಂದ ಕೊಡುವುದಿಲ್ಲ. "ದುಡ್ಡಿಲ್ಲ, ಅದಕ್ಕೆ ರಿಟರ್ನ್ಸ್ ಹಾಕಿಲ್ಲ" ಅನ್ನುವುದು ತೀರಾ ಸಾಮಾನ್ಯವಾದ ತಪ್ಪು. ಹಾಕುವುದು ಬೇರೆ, ಕಟ್ಟುವುದು ಬೇರೆ. ದಂಡ, ಬಡ್ಡಿ ಸೇರಿ 50,000 ಡಾಲರ್ ಒಳಗಿದ್ದರೆ ತಿಂಗಳ ಕಂತಿಗೆ ಆನ್‌ಲೈನಿನಲ್ಲೇ ಕೇಳಬಹುದು. ಒಪ್ಪಂದದ ಪತ್ರ ಮತ್ತು ಕಟ್ಟಿದ ಪ್ರತಿ ಕಂತಿನ ರಸೀದಿ ಫೈಲಿಗೆ.

ಇನ್ನು ಊರಿನ ಹಣ. ಎನ್‌ಆರ್‌ಇ, ಎನ್‌ಆರ್‌ಒ, ಎಫ್‌ಡಿ, ಅಮ್ಮನ ಜೊತೆಗಿನ ಜಂಟಿ ಖಾತೆ, ಎಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಅನ್ನುವ ವಿದೇಶಿ ಖಾತೆಗಳ ವರದಿಯನ್ನು ಅಮೆರಿಕ ಸರ್ಕಾರಕ್ಕೆ ಕೊಡಬೇಕು. ಬಡ್ಡಿ, ಬಾಡಿಗೆ ಅಮೆರಿಕದ ರಿಟರ್ನ್ಸ್‌ನಲ್ಲೂ ಕಾಣಬೇಕು. ಇಲ್ಲಿ ಒಂದು ಬಲೆ ಇದೆ: ಕ್ಲಿಯರೆನ್ಸ್ ಫಾರ್ಮಿನ ವಿದೇಶಿ ಆಸ್ತಿಯ ಭಾಗದಲ್ಲಿ ಪ್ರಾಮಾಣಿಕವಾಗಿ ಮೂರು ಎಫ್‌ಡಿ ಬರೆಯುತ್ತೀರಿ, ಎಫ್‌ಬಾರ್ ಮಾತ್ರ ಯಾವತ್ತೂ ಕೊಟ್ಟಿಲ್ಲ. ಎರಡು ಕಾಗದ ಒಂದಕ್ಕೊಂದು ಹೊಂದದಿದ್ದರೆ ಕೇಳುವವರು ಕೇಳಿಯೇ ಕೇಳುತ್ತಾರೆ. ಇದನ್ನು ಸುಮ್ನೆ ನೀವೇ ಸರಿಮಾಡಲು ಹೋಗದೆ, ಭಾರತದ ಖಾತೆಗಳ ಕೆಲಸ ಮಾಡಿ ಗೊತ್ತಿರುವ ಸಿಪಿಎ (ಅಲ್ಲಿನ ಲೆಕ್ಕಪರಿಶೋಧಕರು) ಹತ್ತಿರ ಹೋಗಿ.

ಹಂತ 4: ಉಳಿದ ಸಾಲಕ್ಕೆ ದಾರಿ ಮಾಡಿ

ಎಲ್ಲ ಸಾಲವನ್ನೂ ತೀರಿಸಿಯೇ ಅರ್ಜಿ ಹಾಕಬೇಕು ಅಂತ ನಿಯಮವಿಲ್ಲ. ಮಾರ್ಗಸೂಚಿ ಕೇಳುವುದು ಪ್ರಾಮಾಣಿಕವಾಗಿ ತೀರಿಸಲು ಶುರು ಮಾಡಿದ್ದೀರಾ, ಅದಕ್ಕೆ ಅಂಟಿಕೊಂಡಿದ್ದೀರಾ ಅಂತ. ಆರು ತಿಂಗಳು ತಪ್ಪದೆ ಕಟ್ಟಿದ 150 ಡಾಲರಿನ ಕಂತು, ಮುಂದಿನ ವರ್ಷ ಎಲ್ಲ ತೀರಿಸುತ್ತೇನೆ ಅನ್ನುವ ಮಾತಿಗಿಂತ ತೂಕದ್ದು. ನಾಳೆ ಮಾಡುತ್ತೇನೆ ಅನ್ನುವ ಭರವಸೆಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ.

ಮೊದಲು ನಿಮ್ಮದಲ್ಲದ ಸಾಲವನ್ನು ಬೇರೆ ಮಾಡಿ. ರಿಪೋರ್ಟಿನಲ್ಲಿ ತಪ್ಪು ಇದ್ದರೆ ಆ ಸಂಸ್ಥೆಗೆ ತಕರಾರು ಹಾಕಿ, ಸಾಮಾನ್ಯವಾಗಿ 30 ದಿನದಲ್ಲಿ ಅವರು ಪರಿಶೀಲಿಸಬೇಕು. ಕಲೆಕ್ಷನ್ ಏಜೆನ್ಸಿಯ ನೋಟಿಸ್ ಬಂದರೆ 30 ದಿನದೊಳಗೆ ಬರೆದು ಪುರಾವೆ ಕೇಳಿ. ತಕರಾರು ಹಾಕಿದ ಕಾಗದ, ಬಂದ ಉತ್ತರ ಎರಡೂ ಬೇಕು. ಬರೀ ಬಾಯಲ್ಲಿ "ಅದು ನನ್ನದಲ್ಲ" ಅಂದರೆ ನಡೆಯದು.

ಆಮೇಲೆ ಫೆಡರಲ್ ವಿದ್ಯಾರ್ಥಿ ಸಾಲ, ಮಕ್ಕಳ ಜೀವನಾಂಶ, ಕೋರ್ಟ್ ತೀರ್ಪಾದ ಸಾಲ. ಇವುಗಳ ಬಗ್ಗೆ ಫಾರ್ಮಿನಲ್ಲಿ ನೇರ ಪ್ರಶ್ನೆಗಳಿವೆ. ಅದಾದ ಮೇಲೆ ಕಾರ್ಡ್, ಆಸ್ಪತ್ರೆ ಬಿಲ್ ಇತ್ಯಾದಿ. ಚಿಕ್ಕವನ್ನು ಒಂದೇ ಏಟಿಗೆ ಮುಗಿಸಿ, ದೊಡ್ಡವಕ್ಕೆ ಬರಹದಲ್ಲಿ ಕಂತು ಮಾಡಿಕೊಳ್ಳಿ. ತಿಂಗಳ ಆದಾಯ, ಖರ್ಚು, ಕೊನೆಗೆ ಉಳಿಯುವ ಮೊತ್ತ, ಇದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಅವರೇ ಇದನ್ನು ಕೇಳುವ ಸಾಧ್ಯತೆ ಇದೆ. ಉಳಿಯುವುದು 90 ಡಾಲರ್, ಕಂತು 300 ಅಂತ ಬರೆದಿದ್ದರೆ ಯಾರೂ ನಂಬುವುದಿಲ್ಲ.

ಇಲ್ಲಿ ಎಡವುವ ಜಾಗಗಳು ಬಹಳ, ಸ್ವಲ್ಪ ನಿಧಾನವಾಗಿ ಓದಿ.

ಸಾಲ ಇತ್ಯರ್ಥ ಮಾಡಿಸುತ್ತೇವೆ ಅನ್ನುವ ಖಾಸಗಿ ಕಂಪನಿಗಳು "ಬ್ಯಾಂಕಿಗೆ ಕಟ್ಟುವುದು ನಿಲ್ಲಿಸಿ, ನಮಗೆ ಕಟ್ಟಿ" ಅನ್ನುತ್ತವೆ. ಸರಿಯಾಗಿ ನಡೆಯುತ್ತಿದ್ದ ಖಾತೆಗಳೂ ಆಗ 120 ದಿನದ ಬಾಕಿಗೆ ಬೀಳುತ್ತವೆ. ಸಲಹೆ ಬೇಕಿದ್ದರೆ ಲಾಭಕ್ಕಲ್ಲದ ಕ್ರೆಡಿಟ್ ಸಲಹಾ ಸಂಸ್ಥೆಗೆ ಹೋಗಿ, ಹೋಗಿ ಬಂದ ಪತ್ರ ಪಡೆಯಿರಿ. ಅಂಥ ಸಲಹೆ ಪಡೆದದ್ದು ನಿಮ್ಮ ಪರವಾಗಿ ಲೆಕ್ಕಕ್ಕೆ ಬರುತ್ತದೆ ಅಂತ ಮಾರ್ಗಸೂಚಿಯಲ್ಲೇ ಇದೆ.

"ಕಾಲಮಿತಿ ಮುಗಿದಿದೆ, ಕೋರ್ಟಿಗೆ ಹೋಗಲು ಅವರಿಗೆ ಆಗಲ್ಲ" ಅನ್ನುವವರೂ ಇದ್ದಾರೆ. ಹಲವು ರಾಜ್ಯಗಳಲ್ಲಿ ಆ ಮಿತಿ 3ರಿಂದ 6 ವರ್ಷ. ಕೋರ್ಟಿನಲ್ಲಿ ಅದು ನಿಮ್ಮನ್ನು ಉಳಿಸಬಹುದು, ಕ್ಲಿಯರೆನ್ಸ್ ಮೇಜಿನ ಮೇಲೆ ಅದನ್ನು ಪ್ರಾಮಾಣಿಕ ಪ್ರಯತ್ನ ಅಂತ ಒಪ್ಪುವುದಿಲ್ಲ. ಆದರೆ ಕೆಲವು ರಾಜ್ಯಗಳಲ್ಲಿ ಹಳೆಯ ಸಾಲಕ್ಕೆ ಒಂದು ಕಂತು ಕಟ್ಟಿದರೂ ಕಾಲಮಿತಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಹಾಗಾಗಿ ಕಟ್ಟುವ ಮೊದಲು ಒಪ್ಪಂದವನ್ನು ಬರಹದಲ್ಲಿ ಪಡೆಯಿರಿ.

ಕಡಿಮೆ ಮೊತ್ತಕ್ಕೆ ಇತ್ಯರ್ಥ ಮಾಡಿಕೊಂಡು 600 ಡಾಲರ್ ಅಥವಾ ಜಾಸ್ತಿ ಮನ್ನಾ ಆಗಿದ್ದರೆ ಸಾಲ ಕೊಟ್ಟವರು 1099-ಸಿ ಅನ್ನುವ, ಮನ್ನಾ ಆದ ಸಾಲದ ತೆರಿಗೆ ಫಾರ್ಮ್ ಕಳಿಸುತ್ತಾರೆ. ಆ ಮನ್ನಾ ಹಣವನ್ನು ಸಾಮಾನ್ಯವಾಗಿ ಆದಾಯ ಅಂತ ತೋರಿಸಬೇಕು. ಮರೆತರೆ ಸಾಲದ ತಲೆನೋವು ಹೋಗಿ ತೆರಿಗೆಯ ತಲೆನೋವು ಬಂತು ಅಂತ ಲೆಕ್ಕ.

ಕೊನೆಯದು ನಮಗೇ ವಿಶೇಷವಾದದ್ದು. ಗಾಬರಿಯಲ್ಲಿ ಊರಿನ ಅಣ್ಣನ ಹತ್ತಿರ ಮೂವತ್ತು ಲಕ್ಷ ಕೈಸಾಲ ತಂದು ಇಲ್ಲಿನ ಸಾಲ ಒಂದೇ ದಿನ ತೀರಿಸುವುದು. ಈಗ ನಿಮ್ಮ ಮೇಲೆ ಎರಡು ಹೊಸ ಪ್ರಶ್ನೆ: ಈ ದುಡ್ಡು ಎಲ್ಲಿಂದ ಬಂತು, ಮತ್ತೆ ಬೇರೆ ದೇಶದಲ್ಲಿರುವವರ ಹಂಗಿನಲ್ಲಿ ನೀವು ಇದ್ದೀರಾ? ಮೊದಲನೆಯದು ವಿವರಣೆ ಇಲ್ಲದ ಶ್ರೀಮಂತಿಕೆ, ಅದೂ ಮಾರ್ಗಸೂಚಿ ಎಫ್‌ನಲ್ಲೇ ಇದೆ. ಎರಡನೆಯದು ವಿದೇಶಿ ಪ್ರಭಾವದ ಮಾರ್ಗಸೂಚಿ ಬಿ. ನಿಮ್ಮದೇ ಸೈಟು ಮಾರಿದ ಹಣವಾದರೆ ಕ್ರಯಪತ್ರ, ಬ್ಯಾಂಕ್ ವರ್ಗಾವಣೆ, ತೆರಿಗೆಯ ಕಾಗದ ಮೂರೂ ಇರಲಿ. ಅಪ್ಪ ಅಮ್ಮ ಕೊಟ್ಟ ಉಡುಗೊರೆ ವರ್ಷಕ್ಕೆ 1,00,000 ಡಾಲರ್ ದಾಟಿದರೆ ಐಆರ್‌ಎಸ್‌ಗೆ ಫಾರ್ಮ್ 3520 ಕೊಡಬೇಕಾಗುತ್ತದೆ.

ದಿವಾಳಿ ಅರ್ಜಿ ಹಾಕಿದ್ದರೆ ಕಥೆ ಮುಗಿಯಿತು ಅಂತಲ್ಲ. ಅದು ಕಾನೂನು ಕೊಟ್ಟ ದಾರಿ. ಆದರೆ ಅದರ ನಂತರ ಮತ್ತೆ ಬಾಕಿ ಬೀಳಿಸಿಕೊಂಡಿದ್ದರೆ ವಿವರಿಸುವುದು ಕಷ್ಟ.

ಹಂತ 5: ಈಗ ಫಾರ್ಮ್ ತುಂಬಿ

ಫಾರ್ಮಿನ ಹೆಸರು ಎಸ್‌ಎಫ್-86. ತುಂಬುವುದು ಈ-ಆಪ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ. ಹಣಕಾಸು ಇರುವುದು 26ನೇ ಭಾಗದಲ್ಲಿ. ದಿವಾಳಿ, ತೆರಿಗೆ, ಕಲೆಕ್ಷನ್, ಚಾರ್ಜ್-ಆಫ್, ಸಂಬಳ ಜಪ್ತಿ, ಮನೆಯಿಂದ ಹೊರಹಾಕಿದ್ದು ಇವಕ್ಕೆಲ್ಲ ಹಿಂದಿನ ಏಳು ವರ್ಷ ಕೇಳುತ್ತಾರೆ. ಜೂಜಿನ ಪ್ರಶ್ನೆಗೆ ಮಾತ್ರ ಕಾಲದ ಮಿತಿಯೇ ಇಲ್ಲ.

ಇಲ್ಲಿ ಮೋಸಹೋಗುವುದು ಒಂದು ಚಿಕ್ಕ ವಿಷಯದಲ್ಲಿ. ಈಗ ತೀರಿರುವ ಸಾಲವೂ ಆ ಏಳು ವರ್ಷದೊಳಗೆ ಬಾಕಿ ಬಿದ್ದಿದ್ದರೆ ಬರೆಯಬೇಕು. "ಕಟ್ಟಿ ಆಯ್ತಲ್ಲ, ಯಾಕೆ ಬರೆಯೋದು?" ಅಂದುಕೊಂಡೇ ಎಷ್ಟೋ ಜನ "ಇಲ್ಲ" ಒತ್ತುತ್ತಾರೆ. ತೀರಿದ ಸಾಲ ಬರೆದರೆ ನಿಮಗೆ ಒಳ್ಳೆಯದೇ, ಬಿಟ್ಟರೆ ಮಾತ್ರ ಅನುಮಾನ.

ಪ್ರತಿ ಸಾಲಕ್ಕೂ ಟಿಪ್ಪಣಿ ಬರೆಯುವ ಜಾಗ ಇರುತ್ತದೆ. ಅಳುವುದು ಬೇಡ, ಕಥೆ ಬೇಡ. ಉದಾಹರಣೆಗೆ ಹೀಗೆ: "2022ರ ಮಾರ್ಚ್‌ನಲ್ಲಿ ಕೆಲಸ ಹೋಯಿತು, ಏಳು ತಿಂಗಳು ಆದಾಯ ಇರಲಿಲ್ಲ. ಈ ಕಾರ್ಡಿನಲ್ಲಿ 6,000 ಡಾಲರ್ ಬಾಕಿ ಬಿತ್ತು. 2023ರ ಜನವರಿಯಿಂದ ತಿಂಗಳಿಗೆ 250 ಕಟ್ಟಿ ಡಿಸೆಂಬರ್ 2024ಕ್ಕೆ ತೀರಿಸಿದ್ದೇನೆ. ಪತ್ರ ಇದೆ." ಕಾರಣ, ಮೊತ್ತ, ತಾರೀಖು, ಈಗಿನ ಸ್ಥಿತಿ. ಕೆಲಸ ಹೋದದ್ದು, ಕಾಯಿಲೆ, ಸಾವು, ವಿಚ್ಛೇದನ, ಗುರುತಿನ ಕಳವು ಇವು ನಿಮ್ಮ ಕೈಮೀರಿದ್ದು ಅಂತ ಅವರೂ ಒಪ್ಪುತ್ತಾರೆ. ಆದರೆ ಅದಾದ ಮೇಲೆ ನೀವು ಜವಾಬ್ದಾರಿಯಿಂದ ನಡೆದುಕೊಂಡಿರಾ ಅನ್ನುವುದು ಅದರ ಇನ್ನರ್ಧ. ಸಾಲ ಕೊಟ್ಟವರಿಗೆ ಆಗಲೇ ಒಂದು ಇಮೇಲ್ ಮಾಡಿದ್ದರೂ ಅದನ್ನು ಹುಡುಕಿ ತೆಗೆಯಿರಿ.

ಯಾರಾದರೂ "ಅದೆಲ್ಲ ಬರೀಬೇಡಿ, ಅವರಿಗೆ ಗೊತ್ತಾಗಲ್ಲ" ಅಂದರೆ, ಅದು ಕಂಪನಿಯ ಎಚ್‌ಆರ್ ಆಗಿದ್ದರೂ ಕೂಡ, ಕೇಳಬೇಡಿ. ಗೊತ್ತಿದ್ದೂ ಸುಳ್ಳು ಬರೆದರೆ ವೈಯಕ್ತಿಕ ನಡತೆಯ ಮಾರ್ಗಸೂಚಿ ಇ ಕೂಡ ಸೇರುತ್ತದೆ. ಅದಲ್ಲದೆ ಫೆಡರಲ್ ಕಾನೂನಿನಲ್ಲಿ ಅದು ಐದು ವರ್ಷದವರೆಗೆ ಜೈಲಿನ ಅಪರಾಧ. ಸಹಿ ನಿಮ್ಮದು, ಅವರದ್ದಲ್ಲ.

ಕಳಿಸುವ ಮೊದಲು ಇಡೀ ಫಾರ್ಮಿನ ಪ್ರತಿ ಇಳಿಸಿ ಇಟ್ಟುಕೊಳ್ಳಿ.

ಹಂತ 6: ತನಿಖಾಧಿಕಾರಿ ಕರೆದಾಗ

ಹಿನ್ನೆಲೆ ತನಿಖೆಯನ್ನು ಬಹುಪಾಲು ಡಿಸಿಎಸ್‌ಎ ಅನ್ನುವ ರಕ್ಷಣಾ ಇಲಾಖೆಯ ಸಂಸ್ಥೆ ನೋಡಿಕೊಳ್ಳುತ್ತದೆ. ಟಾಪ್ ಸೀಕ್ರೆಟ್ ಅನ್ನುವ ಮೇಲಿನ ಮಟ್ಟದ ಕ್ಲಿಯರೆನ್ಸಿಗೆ ಮುಖಾಮುಖಿ ಸಂದರ್ಶನ ಇರುತ್ತದೆ, ಅದಕ್ಕಿಂತ ಕೆಳಗಿನ ಸೀಕ್ರೆಟ್‌ಗೂ ಸಾಲದಂಥ ವಿಷಯ ಎದ್ದರೆ ಕರೆಯಬಹುದು. ಫೈಲ್ ತೆಗೆದುಕೊಂಡೇ ಹೋಗಿ. ನೀವು ಬರೆಯದ ಸಾಲವನ್ನು ಅವರು ಎತ್ತುವ ಮೊದಲೇ ನಿಮಗೆ ನೆನಪಾದರೆ ನೀವೇ ಬಾಯಿಬಿಡಿ. ಅವರು ಎತ್ತಿದ ಮೇಲೆ ಹೇಳಿದ್ದಕ್ಕೆ ಅಷ್ಟು ಬೆಲೆ ಇಲ್ಲ.

"ಮುಂದಿನ ತಿಂಗಳು ಕಟ್ಟಿಬಿಡ್ತೀನಿ" ಅಂತ ಸುಮ್ಮನೆ ಮಾತು ಕೊಡಬೇಡಿ. ಅವರು ಅದನ್ನು ಬರೆದುಕೊಳ್ಳುತ್ತಾರೆ. ವರ್ಷದ ಮೇಲೆ ಯಾರೋ ಅದನ್ನು ಓದಿ "ಹೇಳಿದ್ದರಲ್ಲ, ಕಟ್ಟಿದಿರಾ?" ಅಂತ ಕೇಳುತ್ತಾರೆ.

ಅಪಾಯದ ಗುರುತು ಯಾವುದು ಅಂದರೆ, ಮಧ್ಯಂತರ ಕ್ಲಿಯರೆನ್ಸ್ (ತನಿಖೆ ಮುಗಿಯುವ ಮೊದಲು ಕೊಡುವ ತಾತ್ಕಾಲಿಕ ಅನುಮತಿ) ಸಿಗದಿರುವುದು ಒಂದು. ಅದೊಂದೇ ಸೋಲಲ್ಲ, ಆದರೂ ಸಾಲದ ಫೈಲ್ ಮತ್ತೊಮ್ಮೆ ತಿರುವಿ ನೋಡಿ. ಇನ್ನೊಂದು, ಬರಹದಲ್ಲಿ ಹಣಕಾಸಿನ ಪ್ರಶ್ನಾವಳಿ ಬರುವುದು. ಅದು ಬಂತು ಅಂದರೆ ಯಾರೋ ನಿಮ್ಮ ಸಾಲವನ್ನೇ ಹಿಡಿದು ಕೂತಿದ್ದಾರೆ ಅಂತ ಅರ್ಥ. ಗಡುವಿನೊಳಗೆ, ಪ್ರತಿ ಉತ್ತರಕ್ಕೂ ಕಾಗದ ಲಗತ್ತಿಸಿ ಕಳಿಸಿ. ಇಲ್ಲಿ ಚೆನ್ನಾಗಿ ಉತ್ತರಿಸಿದರೆ ಮುಂದಿನ ಹಂತ ಬರದೆಯೂ ಇರಬಹುದು.

ಹಂತ 7: ಎಸ್‌ಒಆರ್ ಬಂದರೆ

ಸ್ಟೇಟ್‌ಮೆಂಟ್ ಆಫ್ ರೀಸನ್ಸ್, ಚಿಕ್ಕದಾಗಿ ಎಸ್‌ಒಆರ್. ಯಾಕೆ ಕೊಡಬಾರದು ಅಂತ ಒಂದೊಂದೇ ಸಾಲವನ್ನು ಅಂಕಿ ಹಾಕಿ ಬರೆದಿರುತ್ತಾರೆ. ರಕ್ಷಣಾ ಗುತ್ತಿಗೆ ಕಂಪನಿಯವರಿಗೆ ಉತ್ತರಿಸಲು ಇರುವುದು 20 ದಿನ. ಅಷ್ಟು ಸಮಯ ಸಾಕಾಗದಿದ್ದರೆ ಆ ದಿನಗಳು ಮುಗಿಯುವ ಮೊದಲೇ ಕಾರಣ ಬರೆದು ಕಾಲಾವಕಾಶ ಕೇಳಿ. ಪತ್ರವನ್ನು ಡ್ರಾಯರಿನಲ್ಲಿಟ್ಟು ಯೋಚಿಸುತ್ತ ಕೂತವರು ಕೇಸನ್ನು ಅಲ್ಲೇ ಕಳೆದುಕೊಳ್ಳುತ್ತಾರೆ.

ಪ್ರತಿ ಆರೋಪಕ್ಕೂ "ಒಪ್ಪುತ್ತೇನೆ" ಅಥವಾ "ಒಪ್ಪುವುದಿಲ್ಲ" ಅಂತ ಬೇರೆ ಬೇರೆ ಬರೆಯಬೇಕು. ಸಾಲ ನಿಮ್ಮದೇ ಆಗಿ, ಈಗ ತೀರಿದ್ದರೆ "ಒಪ್ಪುತ್ತೇನೆ, ಇಂಥ ದಿನ ತೀರಿಸಿದ್ದೇನೆ, ಪತ್ರ ಲಗತ್ತಿಸಿದೆ" ಅನ್ನಿ. ಎಲ್ಲಕ್ಕೂ ಒಟ್ಟಾಗಿ "ಒಪ್ಪುವುದಿಲ್ಲ" ಬರೆಯಬೇಡಿ.

ಆಮೇಲೆ ಆಯ್ಕೆ: ಡೋಹಾ ಅನ್ನುವ ವಿಚಾರಣಾ ಕಚೇರಿಯ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ, ಅಥವಾ ಕಾಗದದ ಮೇಲೆ ಮಾತ್ರ ತೀರ್ಮಾನ. ನನ್ನನ್ನು ಕೇಳಿದರೆ ವಿಚಾರಣೆಯೇ ಒಳ್ಳೆಯದು. ಕಾಗದ ನಿಮ್ಮ ಮುಖ ತೋರಿಸುವುದಿಲ್ಲ, ಎದುರು ಕೂತರೆ ನೀವು ಏನು ಅಂತ ಅವರಿಗೆ ಗೊತ್ತಾಗುತ್ತದೆ. ಕಾಗದದ ದಾರಿ ಆರಿಸಿದರೂ ಸರ್ಕಾರದ ಕಡತ ಕೈಗೆ ಬಂದ ಮೇಲೆ 30 ದಿನ ಸಿಗುತ್ತದೆ, ಅದನ್ನು ವ್ಯರ್ಥ ಮಾಡಬೇಡಿ.

ಎಸ್‌ಒಆರ್ ಬಂದ ಮೇಲೆ ಕಟ್ಟಿದ ದುಡ್ಡಿಗೆ ಮೊದಲೇ ಕಟ್ಟಿದ ದುಡ್ಡಿನಷ್ಟು ತೂಕ ಇಲ್ಲ. ಕೆಲಸ ಹೋಗುತ್ತದೆ ಅಂತ ಹೆದರಿ ಕಟ್ಟಿದ್ದು ಅಂತ ಓದುತ್ತಾರೆ. ಹಾಗಂತ ಕಟ್ಟದೆ ಕೂರಬೇಡಿ, ಆದರೆ ಒಂದರಿಂದ ನಾಲ್ಕರವರೆಗಿನ ಹಂತಗಳಿಗೆ ನಾನು ಇಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ಸೋತರೆ 15 ದಿನದೊಳಗೆ ಮೇಲ್ಮನವಿಯ ನೋಟಿಸ್ ಕೊಡಬಹುದು. ಅಲ್ಲಿ ನ್ಯಾಯಾಧೀಶರು ತಪ್ಪು ಮಾಡಿದರಾ ಅಂತ ಮಾತ್ರ ನೋಡುತ್ತಾರೆ, ಹೊಸ ರಸೀದಿ ತೆಗೆದುಕೊಳ್ಳುವುದಿಲ್ಲ. ಅದೂ ಆಗದಿದ್ದರೆ ಒಂದು ವರ್ಷ ಕಾಯಬೇಕು. ಆ ವರ್ಷ ಪೂರ್ತಿ ಕಂತು ತಪ್ಪಿಸದೆ ಕಟ್ಟಿ, ಆಮೇಲೆ ಕಂಪನಿ ಮತ್ತೆ ನಿಮ್ಮ ಹೆಸರು ಕೊಡಬಹುದು.

ಹಂತ 8: ಸಿಕ್ಕ ಮೇಲೆ

ಹಿಂದೆ ಎಷ್ಟೋ ವರ್ಷಕ್ಕೊಮ್ಮೆ ಮರುತನಿಖೆ ಆಗುತ್ತಿತ್ತು. ಈಗ ನಿರಂತರ ಪರಿಶೀಲನೆ. ಹೊಸ ಕಲೆಕ್ಷನ್ ಬಿದ್ದರೆ ಅವರ ಕಂಪ್ಯೂಟರಿಗೆ ಸುದ್ದಿ ಹೋಗಬಹುದು, ನಿಮಗಿಂತ ಮೊದಲೇ.

ಸೀಡ್-3 ಅನ್ನುವ ಇನ್ನೊಂದು ನಿರ್ದೇಶನದ ಪ್ರಕಾರ ನೀವೇ ಹೇಳಬೇಕಾದ ಕೆಲವು ವಿಷಯಗಳಿವೆ. ದಿವಾಳಿ ಅರ್ಜಿ, ಯಾವುದೇ ಸಾಲ 120 ದಿನ ಮೀರಿ ಬಾಕಿ ಬಿದ್ದದ್ದು ಅದರಲ್ಲಿ ಸೇರಿವೆ. ಟಾಪ್ ಸೀಕ್ರೆಟ್ ಇದ್ದವರು ಸಂಬಳ ಜಪ್ತಿಯನ್ನೂ, ಪಿತ್ರಾರ್ಜಿತವೋ ಲಾಟರಿಯೋ 10,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಹಣ ದಿಢೀರ್ ಬಂದದ್ದನ್ನೂ ಹೇಳಬೇಕು. ಅಂದರೆ ತಾತನ ತೋಟ ಮಾರಿ ನಿಮ್ಮ ಪಾಲು ಖಾತೆಗೆ ಬಿದ್ದ ದಿನವೂ ಹೇಳುವ ದಿನವೇ.

ಹೇಳುವುದು ಕಂಪನಿಯ ಸೆಕ್ಯುರಿಟಿ ಆಫೀಸರಿಗೆ. ಕೆಲಸ ಹೋಗಿ ಕಂತು ತಪ್ಪುವ ಸೂಚನೆ ಕಂಡರೆ 120ನೇ ದಿನಕ್ಕೆ ಕಾಯದೆ ಅರವತ್ತನೇ ದಿನವೇ ಹೋಗಿ ಮಾತಾಡಿ. ಬಾಯಲ್ಲಿ ಹೇಳಿ ಬಂದರೆ ಸಾಲದು, ಅವತ್ತೇ ಒಂದು ಇಮೇಲ್ ಹಾಕಿ. ಅದರ ಪ್ರತಿ ಆಫೀಸಿನ ಇನ್‌ಬಾಕ್ಸಿನಲ್ಲಿ ಮಾತ್ರ ಇದ್ದರೆ ಕೆಲಸ ಬಿಟ್ಟ ದಿನ ನಿಮ್ಮ ಕೈತಪ್ಪುತ್ತದೆ, ಆದ್ದರಿಂದ ಪ್ರಿಂಟ್ ತೆಗೆದು ಮನೆಯ ಆ ದಪ್ಪ ಫೈಲಿನಲ್ಲಿ ಹಾಕಿಡಿ.